ಆಸ್ಪತ್ರೆಯ ಗುಣಮಟ್ಟ, ಸಿಬ್ಬಂದಿ ಹಾಗೂ ತಪಾಸಣಾ ದಾಖಲೆಗಳನ್ನು ಅರಿಯುವ ಬಗೆ
(ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಅಧ್ಯಯನ ಪಾಠ)

ಪೀಠಿಕೆ

ತಾಳಗುಪ್ಪ ಹೋಬಳಿಯ ಹಳ್ಳಿಯೊಂದರಲ್ಲಿ ರಾತ್ರಿ ಹೊತ್ತು ಹೆರಿಗೆ ನೋವು ಕಾಣಿಸಿಕೊಂಡಾಗ, ಅಡಿಕೆ ಮರದಿಂದ ಕೊನೆಗಾರರು ಬಿದ್ದಾಗ ಅಥವಾ ಜ್ವರ ವಾರವಾದರೂ ಇಳಿಯದಿದ್ದಾಗ ಮನೆಯವರು ಬಹುತೇಕ ತಮ್ಮ ವಾರ್ಡಿನ ಸದಸ್ಯರನ್ನೇ ಕೇಳುತ್ತಾರೆ: "ಎಲ್ಲಿಗೆ ಕರೆದೊಯ್ಯುವುದು?" ಸಾಗರ ಸುಮಾರು 15 ಕಿ.ಮೀ. ದೂರ, ಶಿವಮೊಗ್ಗಕ್ಕೆ ಅಲ್ಲಿಂದ ಮತ್ತೆ ಸುಮಾರು 70 ಕಿ.ಮೀ. ಪ್ರಯಾಣ. ತಪ್ಪು ಜಾಗಕ್ಕೆ ಹೋಗಿ ಮರಳಿ ಹೊರಡುವಷ್ಟು ಸಮಯ ರೋಗಿಗೆ ಇರುವುದಿಲ್ಲ.

ಕಟ್ಟಡದ ಅಂದವಾಗಲಿ, ಸಂತೆಯಲ್ಲಿ ಕೇಳಿದ ಮಾತಾಗಲಿ ಈ ಪ್ರಶ್ನೆಗೆ ಸರಿಯಾದ ಆಧಾರವಲ್ಲ. ನೋಂದಣಿ, ಗುಣಮಟ್ಟದ ಅಂಕ, ಸಿಬ್ಬಂದಿ ಮತ್ತು ತಪಾಸಣಾ ದಾಖಲೆ ಎಂಬ ನಾಲ್ಕು ಆಧಾರಗಳನ್ನು ಈ ಪಾಠ ವಿವರಿಸುತ್ತದೆ. ಇವನ್ನು ಬಿಡುವಿನ ದಿನಗಳಲ್ಲಿ ಅರಿತಿಟ್ಟುಕೊಳ್ಳತಕ್ಕದ್ದು. ತುರ್ತು ಸಂದರ್ಭದಲ್ಲಿ ವಿಚಾರಣೆಗೆ ಎಡೆಯಿಲ್ಲ. ಆಗ 108ಕ್ಕೆ ಕರೆ ಮಾಡಿ ಹತ್ತಿರದ ಆಸ್ಪತ್ರೆಗೆ ತಲುಪಿಸುವುದೇ ಕರ್ತವ್ಯ.

1. ನೋಂದಣಿ

ಖಾಸಗಿ ನರ್ಸಿಂಗ್ ಹೋಮ್, ಕ್ಲಿನಿಕ್ ಮತ್ತು ಪ್ರಯೋಗಾಲಯಗಳಿಗೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ, 2007 ಅನ್ವಯಿಸುತ್ತದೆ. ಇದನ್ನು ರೂಢಿಯಲ್ಲಿ ಕೆಪಿಎಂಇ ಕಾಯ್ದೆ ಎನ್ನುತ್ತಾರೆ. 2017ರಲ್ಲಿ ಇದಕ್ಕೆ ತಿದ್ದುಪಡಿಯಾಗಿದೆ. ಜಿಲ್ಲಾಧಿಕಾರಿಯವರ ಅಧ್ಯಕ್ಷತೆಯ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರವು ನೋಂದಣಿ ನೀಡುತ್ತದೆ. ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಯವರು ಅದರ ಸದಸ್ಯ ಕಾರ್ಯದರ್ಶಿ.

ನೋಂದಣಿ ಪ್ರಮಾಣಪತ್ರವನ್ನು ಎಲ್ಲರಿಗೂ ಕಾಣುವಂತೆ ತೂಗುಹಾಕಿರಬೇಕು. ಅದರಲ್ಲಿ ಮೂರು ಅಂಶಗಳನ್ನು ಗಮನಿಸುವುದು: ಅವಧಿ ಮುಗಿದಿದೆಯೇ, ಯಾವ ವೈದ್ಯ ಪದ್ಧತಿಗೆ ನೀಡಲಾಗಿದೆ, ಯಾವ ವರ್ಗದ ಸಂಸ್ಥೆಯೆಂದು ನಮೂದಾಗಿದೆ. ಕ್ಲಿನಿಕ್ ಎಂದು ನೋಂದಾಯಿಸಿಕೊಂಡ ಕಡೆ ರೋಗಿಗಳನ್ನು ಹಾಸಿಗೆಯ ಮೇಲೆ ಮಲಗಿಸಿ ದಿನಗಟ್ಟಲೆ ಇರಿಸಿಕೊಳ್ಳುತ್ತಿದ್ದರೆ ಅದು ಪ್ರಶ್ನಾರ್ಹ. ಸ್ಕ್ಯಾನಿಂಗ್ ಯಂತ್ರವಿದ್ದರೆ ಪ್ರಸವಪೂರ್ವ ಲಿಂಗಪತ್ತೆ ನಿಷೇಧ ಕಾಯ್ದೆ, 1994ರ ಅಡಿ ಪ್ರತ್ಯೇಕ ನೋಂದಣಿ ಕಡ್ಡಾಯ.

ಇದೇ ಕೆಪಿಎಂಇ ಕಾಯ್ದೆ ರೋಗಿಗೂ ರಕ್ಷಣೆ ನೀಡಿದೆ. ಚಿಕಿತ್ಸಾ ದರಗಳನ್ನು ಪ್ರಕಟಿಸಬೇಕು. ತುರ್ತು ಸ್ಥಿತಿಯಲ್ಲಿ ಬಂದವರಿಗೆ ಮುಂಗಡ ಹಣ ಕೇಳದೆ ಪ್ರಥಮ ಚಿಕಿತ್ಸೆ ನೀಡಬೇಕು. ಬಾಕಿ ಹಣಕ್ಕಾಗಿ ಮೃತದೇಹವನ್ನು ತಡೆಹಿಡಿಯುವಂತಿಲ್ಲ.

2. ಗುಣಮಟ್ಟದ ಅಂಕ

ಸರ್ಕಾರಿ ಆಸ್ಪತ್ರೆಗಳಿಗೆ 2013ರಿಂದ ರಾಷ್ಟ್ರೀಯ ಗುಣಮಟ್ಟ ಭರವಸೆ ಮಾನದಂಡಗಳು (ಎನ್‌ಕ್ಯೂಎಎಸ್) ಜಾರಿಯಲ್ಲಿವೆ. ಸ್ವಚ್ಛತೆ ಮತ್ತು ಸೋಂಕು ನಿಯಂತ್ರಣಕ್ಕಾಗಿ 2015ರಲ್ಲಿ ಕಾಯಕಲ್ಪ ಪ್ರಶಸ್ತಿಯೂ, ಹೆರಿಗೆ ಕೊಠಡಿಗಳಿಗಾಗಿ 2017ರಲ್ಲಿ ಲಕ್ಷ್ಯ ಕಾರ್ಯಕ್ರಮವೂ ಆರಂಭವಾದವು. ಖಾಸಗಿ ಆಸ್ಪತ್ರೆಗಳಲ್ಲಿ ಎನ್‌ಎಬಿಎಚ್ ಮಾನ್ಯತೆಯ ಫಲಕ ಕಾಣಬಹುದು. ಆದರೆ ಅದು ಸ್ವಇಚ್ಛೆಯ ಮಾನ್ಯತೆ. ಅದಿಲ್ಲವೆಂದ ಮಾತ್ರಕ್ಕೆ ಸಣ್ಣ ನರ್ಸಿಂಗ್ ಹೋಮ್ ಕಳಪೆಯೆಂದು ತೀರ್ಮಾನಿಸಲಾಗದು.

ಎನ್‌ಕ್ಯೂಎಎಸ್ ತಪಾಸಣೆಯಲ್ಲಿ ಪ್ರತಿ ಅಂಶಕ್ಕೂ 2, 1 ಅಥವಾ 0 ಅಂಕ. ತಪಾಸಕರು ಕಣ್ಣಾರೆ ನೋಡುತ್ತಾರೆ, ಸಿಬ್ಬಂದಿಯನ್ನು ಕೇಳುತ್ತಾರೆ, ದಾಖಲೆ ಪರಿಶೀಲಿಸುತ್ತಾರೆ, ರೋಗಿಗಳೊಡನೆ ಮಾತನಾಡುತ್ತಾರೆ. ಪ್ರಮಾಣೀಕರಣಕ್ಕೆ ಒಟ್ಟಾರೆ ಶೇ 70 ಅಂಕ ಬೇಕು. ಪ್ರಮಾಣಪತ್ರದ ಅವಧಿ ಮೂರು ವರ್ಷ.

ಒಟ್ಟು ಅಂಕವೊಂದನ್ನೇ ನೋಡಿದರೆ ಮೋಸ ಹೋಗುವ ಸಂಭವವಿದೆ. ಒಂದು ಕಾಲ್ಪನಿಕ ಉದಾಹರಣೆ: ಪ್ರಾಥಮಿಕ ಆರೋಗ್ಯ ಕೇಂದ್ರವೊಂದಕ್ಕೆ ಹೊರರೋಗಿ ವಿಭಾಗದಲ್ಲಿ 92, ಪ್ರಯೋಗಾಲಯದಲ್ಲಿ 90, ಒಳರೋಗಿ ವಿಭಾಗದಲ್ಲಿ 88, ರಾಷ್ಟ್ರೀಯ ಆರೋಗ್ಯ ಕಾರ್ಯಕ್ರಮಗಳಲ್ಲಿ 85, ಆಡಳಿತದಲ್ಲಿ 80, ಹೆರಿಗೆ ಕೊಠಡಿಯಲ್ಲಿ 45 ಅಂಕ ಬಂದಿವೆ ಎನ್ನೋಣ. ಸರಾಸರಿ 80. ಕಾಗದದ ಮೇಲೆ ಇದು ಉತ್ತಮ ಅಂಕ. ಹೆರಿಗೆಗೆ ಬಂದ ತಾಯಿಗೆ ಮಾತ್ರ ಅಲ್ಲಿ ಸಿಗುವುದು 45 ಅಂಕದ ಸೇವೆ. ಆದಕಾರಣವೇ ಪ್ರಮಾಣೀಕರಣದಲ್ಲಿ ವಿಭಾಗವಾರು ಅಂಕಗಳನ್ನೂ ನೋಡಲಾಗುತ್ತದೆ. ಸದಸ್ಯರು "ಎಷ್ಟು ಅಂಕ ಬಂತು?" ಎಂಬುದರ ಜೊತೆಗೆ "ಎಲ್ಲಿ ಕಡಿಮೆ ಬಂತು, ಯಾವ ವರ್ಷದ ಅಂಕ?" ಎಂದೂ ಕೇಳತಕ್ಕದ್ದು.

3. ಸಿಬ್ಬಂದಿ

"ದಿನದ 24 ಗಂಟೆ ಸೇವೆ" ಎಂಬ ಫಲಕವನ್ನು ಲೆಕ್ಕ ಹಾಕಿ ಪರಿಶೀಲಿಸಬಹುದು. ದಿನಕ್ಕೆ ಮೂರು ಪಾಳಿ, ವಾರಕ್ಕೆ 21 ಪಾಳಿ. ವಾರದ ರಜೆಯಿರುವ ಶುಶ್ರೂಷಾಧಿಕಾರಿಯೊಬ್ಬರು ಆರು ಪಾಳಿ ಕೆಲಸ ಮಾಡುತ್ತಾರೆ. 21ನ್ನು 6ರಿಂದ ಭಾಗಿಸಿದರೆ ಮೂರೂವರೆ. ಅಂದರೆ ಸದಾಕಾಲ ಒಬ್ಬರು ಕರ್ತವ್ಯದಲ್ಲಿರಬೇಕಾದರೂ ಕನಿಷ್ಠ ನಾಲ್ವರು ಬೇಕು. ಹೆರಿಗೆ ರಜೆ, ಕಾಯಿಲೆ, ತರಬೇತಿ ಇವುಗಳ ಲೆಕ್ಕ ಇದರಲ್ಲಿ ಸೇರಿಲ್ಲ. ಮೂವರೇ ಇರುವ ಕಡೆ ಯಾವುದೋ ಪಾಳಿ ಖಾಲಿಯಿದೆ, ಇಲ್ಲವೇ ಯಾರೋ ಬಿಡುವಿಲ್ಲದೆ ದುಡಿಯುತ್ತಿದ್ದಾರೆ.

ಮಂಜೂರಾದ ಹುದ್ದೆ, ಭರ್ತಿಯಾದ ಹುದ್ದೆ, ಆ ದಿನ ಹಾಜರಿರುವವರು ಇವು ಮೂರು ಬೇರೆ ಬೇರೆ ಸಂಖ್ಯೆಗಳು. ನಿಯೋಜನೆಯ ಮೇಲೆ ಬೇರೆಡೆ ಕೆಲಸ ಮಾಡುತ್ತಿರುವವರೂ ಪಟ್ಟಿಯಲ್ಲಿ ಇಲ್ಲಿಯವರೇ ಆಗಿರುತ್ತಾರೆ. ಖಾಸಗಿ ಸಂಸ್ಥೆಗಳ ವಿಷಯದಲ್ಲಿ ವೈದ್ಯರು ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿಯೂ, ಶುಶ್ರೂಷಕರು ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿಯೂ ನೋಂದಾಯಿತರೇ ಎಂಬುದು ಮುಖ್ಯ. ಸಮವಸ್ತ್ರ ತೊಟ್ಟವರೆಲ್ಲರೂ ತರಬೇತಿ ಪಡೆದವರಲ್ಲ.

ಸಾಗರ ತಾಲ್ಲೂಕಿಗೆ ಈ ವಿಷಯದಲ್ಲಿ ಅನುಭವವಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಅರಣ್ಯ ಪ್ರದೇಶದಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ 2018ರ ಕೊನೆಯಿಂದ 2019ರವರೆಗೆ ಅರಳಗೋಡು ಭಾಗದಲ್ಲಿ ಹಲವರ ಜೀವ ಪಡೆಯಿತು. ಜ್ವರದ ರೋಗಿಯನ್ನು "ಕಾಡಿಗೆ ಹೋಗಿದ್ದಿರಾ, ಸತ್ತ ಮಂಗ ಕಂಡಿರಾ?" ಎಂದು ಕೇಳಿ, ರಕ್ತದ ಮಾದರಿ ತೆಗೆದು, ತಡಮಾಡದೆ ಮೇಲಿನ ಆಸ್ಪತ್ರೆಗೆ ಕಳುಹಿಸುವ ಸಿಬ್ಬಂದಿಯೇ ಇಂಥ ಸಮಯದಲ್ಲಿ ಆಧಾರ. ಹುದ್ದೆ ಖಾಲಿಯಿದ್ದರೆ ಈ ಪ್ರಶ್ನೆ ಕೇಳುವವರೇ ಇರುವುದಿಲ್ಲ.

4. ತಪಾಸಣಾ ದಾಖಲೆ

ಖಾಸಗಿ ಆಸ್ಪತ್ರೆಯ ಒಳಹೊಕ್ಕು ತಪಾಸಣೆ ನಡೆಸುವ ಅಧಿಕಾರ ಗ್ರಾಮ ಪಂಚಾಯಿತಿ ಸದಸ್ಯರಿಗೆ ಇಲ್ಲ. ಮಾಹಿತಿ ಕೇಳುವ ಹಕ್ಕು ಮಾತ್ರ ಪ್ರತಿಯೊಬ್ಬ ನಾಗರಿಕನಿಗೂ ಇದೆ. ಪ್ರಾಧಿಕಾರದ ಬಳಿ ಇರುವ ತಪಾಸಣಾ ವರದಿ, ನೀಡಿದ ನೋಟಿಸು, ಸಂಸ್ಥೆಯ ಉತ್ತರ ಇವುಗಳನ್ನು ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿ ಕೋರಬಹುದು. ಅರ್ಜಿ ಶುಲ್ಕ 10 ರೂಪಾಯಿ. ಉತ್ತರಕ್ಕೆ 30 ದಿನಗಳ ಕಾಲಾವಕಾಶ. ಕರ್ನಾಟಕದ ನಿಯಮದಂತೆ ಅರ್ಜಿಯು ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳೊಳಗೆ ಇರಬೇಕು. ರೋಗಿಗಳ ಖಾಸಗಿ ವಿವರ ಕೇಳುವಂತಿಲ್ಲ.

ವರದಿಯಲ್ಲಿ ದೋಷ ಕಂಡುಬಂದಿದೆ ಎಂಬುದಷ್ಟೇ ಮುಖ್ಯವಲ್ಲ. ಮೊದಲ ತಪಾಸಣೆಯಲ್ಲಿ ಕಂಡ ದೋಷ ಎರಡನೆಯ ತಪಾಸಣೆಯಲ್ಲಿ ಸರಿಹೋಗಿದೆಯೇ ಎಂಬುದನ್ನು ನೋಡಬೇಕು. ಒಂದು ಸಲ ಕಂಡು ತಿದ್ದಿಕೊಂಡ ದೋಷ ಸಹಜ. ಮರುಕಳಿಸುವ ದೋಷ ನಿರ್ಲಕ್ಷ್ಯದ ಗುರುತು. ಹಾಗೆಯೇ ಒಂದು ಸಾವಿನ ಸುದ್ದಿಯಿಂದಲೇ ಆಸ್ಪತ್ರೆಯನ್ನು ದೂಷಿಸುವುದು ನ್ಯಾಯವಲ್ಲ. ಗಂಭೀರ ರೋಗಿಗಳನ್ನು ಸೇರಿಸಿಕೊಳ್ಳುವ ಕಡೆ ಸಾವುಗಳೂ ಹೆಚ್ಚಿರಬಹುದು.

ಪಂಚಾಯಿತಿಯ ಕಣ್ಣಿಗೇ ಬೀಳುವ ಸಾಕ್ಷ್ಯವೂ ಒಂದಿದೆ: ಕಸದ ವಾಹನ. ಜೀವವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು, 2016ರಂತೆ ಆಸ್ಪತ್ರೆಯ ತ್ಯಾಜ್ಯವನ್ನು ಹಳದಿ, ಕೆಂಪು, ಬಿಳಿ, ನೀಲಿ ಎಂದು ವಿಂಗಡಿಸಿ ಪ್ರತ್ಯೇಕವಾಗಿ ಸಾಗಿಸಬೇಕು. ಸಾಮಾನ್ಯ ಕಸದೊಂದಿಗೆ ಬೆರೆಸುವಂತಿಲ್ಲ. ಕಸ ವಿಂಗಡಿಸುವ ಮಹಿಳೆಯ ಕೈಗೆ ಸೂಜಿ ಚುಚ್ಚಿತೆಂದರೆ ಎಲ್ಲೋ ಒಂದು ಕಡೆ ನಿಯಮ ಮುರಿದಿದೆ ಎಂದೇ ಅರ್ಥ. ಅಂಥ ಸಂದರ್ಭದಲ್ಲಿ ಆಕೆಯನ್ನು ಕೂಡಲೇ ಚಿಕಿತ್ಸೆಗೆ ಕಳುಹಿಸಿ, ಛಾಯಾಚಿತ್ರ ಮತ್ತು ದಿನಾಂಕ ಸಹಿತ ಜಿಲ್ಲಾ ಆರೋಗ್ಯಾಧಿಕಾರಿಯವರಿಗೂ ಮಾಲಿನ್ಯ ನಿಯಂತ್ರಣ ಮಂಡಳಿಗೂ ತಿಳಿಸತಕ್ಕದ್ದು.

5. ಪಂಚಾಯಿತಿಯ ಪಾತ್ರ

ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರಂತೆ ಸಾರ್ವಜನಿಕ ಆರೋಗ್ಯವು ಗ್ರಾಮ ಪಂಚಾಯಿತಿಯ ಸೌಕರ್ಯ ಸಮಿತಿಯ ವ್ಯಾಪ್ತಿಗೆ ಬರುತ್ತದೆ. ಉಪಕೇಂದ್ರ ಮಟ್ಟದ ಜನ ಆರೋಗ್ಯ ಸಮಿತಿ ಹಾಗೂ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಗಳಲ್ಲಿ ಚುನಾಯಿತ ಪ್ರತಿನಿಧಿಗಳಿಗೆ ಸ್ಥಾನವಿದೆ. ಸರ್ಕಾರಿ ಆರೋಗ್ಯ ಕೇಂದ್ರದ ಅಂಕಗಳನ್ನೂ ಖಾಲಿ ಹುದ್ದೆಗಳನ್ನೂ ಅಲ್ಲಿಯೇ ಚರ್ಚಿಸಬಹುದು. ವೈದ್ಯಾಧಿಕಾರಿಯವರನ್ನು ಆರೋಪಿಯಂತೆ ನಿಲ್ಲಿಸುವುದು ಚರ್ಚೆಯ ಉದ್ದೇಶವಲ್ಲ. ಹುದ್ದೆ ಭರ್ತಿ ಅವರ ಕೈಯಲ್ಲಿಲ್ಲ. ಅವರ ಬೇಡಿಕೆಗೆ ಪಂಚಾಯಿತಿಯ ನಿರ್ಣಯ ಬಲ ಕೊಡಬಲ್ಲದು.

ಮುಂದಿನ ಸಭೆಯಲ್ಲಿ ಚರ್ಚಿಸಬಹುದಾದ ಪ್ರಶ್ನೆಗಳು

1) ನಮ್ಮ ವ್ಯಾಪ್ತಿಯ ಆರೋಗ್ಯ ಕೇಂದ್ರದ ಕೊನೆಯ ಎನ್‌ಕ್ಯೂಎಎಸ್ ಹಾಗೂ ಕಾಯಕಲ್ಪ ಅಂಕಗಳೆಷ್ಟು? ಅತಿ ಕಡಿಮೆ ಅಂಕ ಯಾವ ವಿಭಾಗಕ್ಕೆ?
2) ಮಂಜೂರಾದ, ಭರ್ತಿಯಾದ, ನಿಯೋಜನೆಯ ಮೇಲಿರುವ ಹುದ್ದೆಗಳೆಷ್ಟು? ರಾತ್ರಿ ಪಾಳಿಯಲ್ಲಿ ಯಾರಿರುತ್ತಾರೆ?
3) ಹಾವಿನ ಕಡಿತದ ಪ್ರತಿವಿಷ ಔಷಧ ಇಂದು ದಾಸ್ತಾನಿನಲ್ಲಿದೆಯೇ?
4) ಗ್ರಾಮಸ್ಥರು ಹೆಚ್ಚಾಗಿ ಹೋಗುವ ಖಾಸಗಿ ನರ್ಸಿಂಗ್ ಹೋಮ್‌ಗಳ ಕೆಪಿಎಂಇ ನೋಂದಣಿ ಚಾಲ್ತಿಯಲ್ಲಿದೆಯೇ?
5) ಕಳೆದ ಆರು ತಿಂಗಳಲ್ಲಿ ಪಂಚಾಯಿತಿಯ ಕಸದಲ್ಲಿ ಸೂಜಿ, ರಕ್ತಸಿಕ್ತ ಬಟ್ಟೆ ಕಂಡುಬಂದಿದೆಯೇ?

ಈ ಐದು ಉತ್ತರಗಳನ್ನು ಒಂದು ಹಾಳೆಯಲ್ಲಿ ಬರೆದು ದಿನಾಂಕ ಹಾಕಿ, ಪಂಚಾಯಿತಿ ಕಚೇರಿಯಲ್ಲಿಯೂ ಆಶಾ ಕಾರ್ಯಕರ್ತೆಯರ ಬಳಿಯೂ ಇರಿಸಿ, ಆರು ತಿಂಗಳಿಗೊಮ್ಮೆ ಪರಿಷ್ಕರಿಸುವುದು. ನಡುರಾತ್ರಿ ಬಾಗಿಲು ತಟ್ಟಿದವರಿಗೆ ಆಗ ಸದಸ್ಯರು ಊಹೆಯ ಮಾತಿನ ಬದಲು ತಿಳಿದ ಮಾತನ್ನು ಹೇಳಬಲ್ಲರು.