ಹಾಲಿನ ಬಾಟಲಿ ಬಿಡಿಸುವ ಕಾಲ ಯಾವುದು?



ಅಡಿಕೆ ಸಸಿಯನ್ನು ಪಾತಿಯಿಂದ ಎತ್ತಿ ತೋಟದಲ್ಲಿ ನೆಡುವ ಕಾಲ ಯಾವುದೆಂದು ನಮ್ಮಲ್ಲಿ ಯಾರನ್ನು ಕೇಳಿದರೂ ಉತ್ತರ ಸಿದ್ಧವಾಗಿರುತ್ತದೆ. ಸಸಿಗೆ ಒಂದರಿಂದ ಒಂದೂವರೆ ವರ್ಷ ತುಂಬಿರಬೇಕು, ಐದಾದರೂ ಎಲೆ ಬಂದಿರಬೇಕು, ನೆಲಕ್ಕೆ ಹದವಾದ ಮಳೆ ಬಿದ್ದಿರಬೇಕು. ಅಂದರೆ ನಾವು ವಯಸ್ಸು, ಲಕ್ಷಣ, ಹೊತ್ತು ಎಂಬ ಮೂರನ್ನೂ ನೋಡಿ ತೀರ್ಮಾನಿಸುತ್ತೇವೆ. ಮಗುವಿನ ಕೈಯಿಂದ ಹಾಲಿನ ಬಾಟಲಿ ಬಿಡಿಸುವುದಕ್ಕೂ ಈ ಮೂರನ್ನೇ ನೋಡಬೇಕು. ಸಸಿಯ ವಿಷಯದಲ್ಲಿ ಇರುವ ಎಚ್ಚರ ಮನೆಯ ಕೂಸಿನ ವಿಷಯದಲ್ಲಿ ಮಾತ್ರ ತಪ್ಪಿಹೋಗುವುದುಂಟು. "ಇರಲಿ ಬಿಡಿ, ದೊಡ್ಡವನಾದ ಮೇಲೆ ತಾನೇ ಬಿಡುತ್ತಾನೆ" ಎಂಬ ಮಾತಿನಲ್ಲಿ ಎರಡು ವರ್ಷ, ಮೂರು ವರ್ಷ ಕಳೆದುಹೋಗುತ್ತದೆ. ಈ ಪಾಠದಲ್ಲಿ ಆ ವಿಚಾರವನ್ನು ಕ್ರಮವಾಗಿ ನೋಡೋಣ.

ಬಾಟಲಿ ಮನೆಗೆ ಬರುವ ದಾರಿ

ತಾಯಿಯ ಕೈಗೆ ಬಿಡುವಿಲ್ಲದ ಕಡೆ ಬಾಟಲಿ ಬರುತ್ತದೆ. ನಮ್ಮಲ್ಲಿ ಕಾಫಿ ಕೊಯ್ಲಿನ ತಿಂಗಳುಗಳಲ್ಲಿ, ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಹಾಗಾಗುತ್ತದೆ. ಬಯಲುಸೀಮೆಯಲ್ಲೂ ಇದೇ ಕಥೆ. ಕೃಷ್ಣಾ-ಘಟಪ್ರಭಾ ತೀರದ ಜಮಖಂಡಿ, ಮುಧೋಳ, ಬೀಳಗಿ ಸೀಮೆಯಲ್ಲಿ ಕಾಫಿಯಿಲ್ಲ, ಕಬ್ಬುಂಟು. ಕಬ್ಬು ಕಡಿಯುವ ಹೊತ್ತಿನಲ್ಲಿ ಹೆಂಗಸರು ನಸುಕಿನಲ್ಲೇ ಹೊಲ ಸೇರಬೇಕು. ರಬಕವಿ-ಬನಹಟ್ಟಿಯ ನೇಕಾರರ ಮನೆಗಳಲ್ಲಿ ತಾಯಿ ಮನೆಯಲ್ಲೇ ಇದ್ದರೂ ಕೈಕಾಲು ಮಗ್ಗದ ಕೆಲಸಕ್ಕೆ ಕಟ್ಟುಬಿದ್ದಿರುತ್ತವೆ. ಎಲ್ಲ ಕಡೆಯೂ ಕೂಸು ಅಜ್ಜಿಯ ಅಥವಾ ದೊಡ್ಡ ಮಗಳ ಮಡಿಲಿಗೆ ಹೋಗುತ್ತದೆ, ಅದರ ಜೊತೆಗೆ ಬಾಟಲಿಯೂ ಹೋಗುತ್ತದೆ. 1951ರ ತೋಟ ಕಾರ್ಮಿಕರ ಕಾಯಿದೆಯು 50 ಅಥವಾ ಅದಕ್ಕೂ ಹೆಚ್ಚು ಹೆಂಗಸರು ದುಡಿಯುವ ತೋಟಗಳಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೊಠಡಿ ಇರಬೇಕೆಂದು ವಿಧಿಸಿತ್ತು. ಎರಡು-ಮೂರು ಎಕರೆಯ ಹಿಡುವಳಿಗೆ ಅಂಥ ಅನುಕೂಲ ಬರಲಿಲ್ಲ. ಆದುದರಿಂದ ಬಾಟಲಿ ಹಿಡಿಸಿದ ತಾಯಿಯನ್ನು ದೂರುವುದರಲ್ಲಿ ಅರ್ಥವಿಲ್ಲ. ಬಂದ ಬಾಟಲಿಯನ್ನು ಸಕಾಲದಲ್ಲಿ ಹೊರಗೆ ಕಳುಹಿಸುವುದು ಹೇಗೆ ಎಂಬುದೇ ನಮ್ಮ ಪ್ರಶ್ನೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಬಾಟಲಿ ಬಿಡಿಸುವುದೆಂದರೆ ಮೊಲೆಹಾಲು ಬಿಡಿಸುವುದಲ್ಲ. ಮೊದಲ ಆರು ತಿಂಗಳು ತಾಯಿಯ ಹಾಲು ಮಾತ್ರ, ಅನಂತರ ಮೇಲು ಆಹಾರದೊಡನೆ ಎರಡು ವರ್ಷ ಮತ್ತು ಅದರಾಚೆಗೂ ತಾಯಿಯ ಹಾಲು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನಾವು ಬಿಡಿಸಬೇಕಾದುದು ರಬ್ಬರಿನ ತೊಟ್ಟನ್ನು ಮಾತ್ರ.

ತಡವಾದರೆ ಆಗುವ ನಷ್ಟ

ಮೊದಲನೆಯದು ಹಲ್ಲು. ರಾತ್ರಿ ಬಾಟಲಿ ಚೀಪುತ್ತಲೇ ಮಗು ನಿದ್ರೆಹೋದರೆ ಹಾಲು ಬಾಯಲ್ಲೇ ನಿಲ್ಲುತ್ತದೆ. ನಿದ್ರೆಯಲ್ಲಿ ಜೊಲ್ಲು ಕಡಿಮೆ ಊರುವುದರಿಂದ ಅದು ತೊಳೆದುಹೋಗುವುದಿಲ್ಲ. ಬಾಯಲ್ಲಿರುವ ಸೂಕ್ಷ್ಮಜೀವಿಗಳು ಹಾಲಿನ ಸಿಹಿಯನ್ನು ಹುಳಿಯಾಗಿಸಿ ಹಲ್ಲಿನ ಮೇಲ್ಪದರವನ್ನು ತಿನ್ನುತ್ತವೆ. ಮೊದಲು ಕೆಡುವುದು ಮೇಲಿನ ಮುಂಭಾಗದ ಹಲ್ಲುಗಳು. ಕೆಳಗಿನ ಮುಂಭಾಗದ ಹಲ್ಲುಗಳಿಗೆ ನಾಲಿಗೆಯ ಮರೆಯೂ ಜೊಲ್ಲಿನ ರಕ್ಷಣೆಯೂ ಇರುವುದರಿಂದ ಅವು ಸಾಮಾನ್ಯವಾಗಿ ಉಳಿಯುತ್ತವೆ. ಸಕ್ಕರೆ ಅಥವಾ ಬೆಲ್ಲ ಬೆರೆಸಿದ ಹಾಲಾದರೆ ಕೇಡು ಇನ್ನೂ ಬೇಗ. "ಹಾಲುಹಲ್ಲು ತಾನೇ, ಹೇಗೂ ಬೀಳುತ್ತದೆ" ಎನ್ನಬಾರದು. ಹುಳುಕು ಹಲ್ಲಿನ ನೋವಿನಲ್ಲಿ ಮಗು ಊಟ ಬಿಡುತ್ತದೆ, ನಿದ್ರೆಗೆಡುತ್ತದೆ.

ಎರಡನೆಯದು ರಕ್ತ. ಇದು ಕಣ್ಣಿಗೆ ಕಾಣದ ನಷ್ಟ, ಆದುದರಿಂದ ಹೆಚ್ಚು ಅಪಾಯದ್ದು. ಲೆಕ್ಕ ಹಾಕಿ ನೋಡಿ. ಒಂದು ವರ್ಷ ದಾಟಿದ ಮಗು ದಿನಕ್ಕೆ 240 ಮಿಲಿಲೀಟರಿನ ನಾಲ್ಕು ಬಾಟಲಿ ಹಸುವಿನ ಹಾಲು ಕುಡಿದರೆ 960 ಮಿಲಿಲೀಟರಾಯಿತು. ಅದರಿಂದ ಬರುವ ಶಕ್ತಿ 600 ಕ್ಯಾಲೊರಿಗೂ ಮೇಲು. ಆ ವಯಸ್ಸಿಗೆ ಇಡೀ ದಿನಕ್ಕೆ ಬೇಕಾದುದು ಸುಮಾರು 1000 ಕ್ಯಾಲೊರಿ. ಅಂದರೆ ಹಸಿವಿನ ಬಹುಪಾಲು ಹಾಲಿನಲ್ಲೇ ತೀರಿತು. ತಟ್ಟೆಯ ಮುಂದೆ ಕೂರಿಸಿದರೆ ಮಗು ಮುಖ ತಿರುಗಿಸುವುದು ಹಟದಿಂದಲ್ಲ, ಹೊಟ್ಟೆ ತುಂಬಿರುವುದರಿಂದ. ಆದರೆ ಒಂದು ಲೀಟರ್ ಹಸುವಿನ ಹಾಲಿನಲ್ಲಿ ಕಬ್ಬಿಣದ ಅಂಶ ಇರುವುದು ಸುಮಾರು ಅರ್ಧ ಮಿಲಿಗ್ರಾಮ್ ಮಾತ್ರ, ಮಗುವಿಗೆ ದಿನಕ್ಕೆ ಬೇಕಾದುದು ಅದರ ಹತ್ತು ಪಟ್ಟಿಗೂ ಹೆಚ್ಚು. ಸಾಲದುದಕ್ಕೆ ಹಾಲಿನಲ್ಲಿರುವ ಸುಣ್ಣದ ಅಂಶ ಬೇರೆ ಆಹಾರದ ಕಬ್ಬಿಣ ಮೈಗೆ ಹತ್ತುವುದನ್ನೂ ತಡೆಯುತ್ತದೆ. ಗುಂಡುಗುಂಡಾಗಿ ಕಾಣುವ ಮಗುವೇ ಬಿಳುಚಿಕೊಂಡು ಮಂಕಾಗಿರುವುದಕ್ಕೆ ಇದೊಂದು ಕಾರಣ. 2019-20ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಸುಮಾರು 65 ಮಕ್ಕಳಿಗೆ ರಕ್ತಹೀನತೆಯಿತ್ತು. ಎಲ್ಲಕ್ಕೂ ಬಾಟಲಿಯೇ ಕಾರಣವಲ್ಲ; ಆದರೆ ನಮ್ಮ ಕೈಯಲ್ಲಿರುವ ಕಾರಣಗಳಲ್ಲಿ ಇದೂ ಒಂದು.

ಮೂರನೆಯದು ಹೊಟ್ಟೆ ಮತ್ತು ಕಿವಿ. ರಬ್ಬರಿನ ತೊಟ್ಟಿನ ಒಳಮೈಯಲ್ಲಿ, ಬಾಟಲಿಯ ಕುತ್ತಿಗೆಯ ಸಂದಿಯಲ್ಲಿ ಹಾಲಿನ ಜಿಡ್ಡು ಉಳಿಯುತ್ತದೆ. ಮಳೆಗಾಲದಲ್ಲಿ ಸೌದೆ ಹಸಿ, ಒಲೆ ಹೊತ್ತದು. ಪ್ರತಿ ಸಲವೂ ಕುದಿಯುವ ನೀರಿನಲ್ಲಿ ಬಾಟಲಿ ಬೇಯಿಸುವುದು ಹೇಳಿದಷ್ಟು ಸುಲಭವಲ್ಲ. ಹೀಗಾಗಿ ವಾಂತಿ-ಭೇದಿಗೆ ದಾರಿಯಾಗುತ್ತದೆ. ಬೋರ್ಡೊ ದ್ರಾವಣ ಕಲಸಿದ ಕೈಯನ್ನು ಸಾಬೂನಿನಲ್ಲಿ ತೊಳೆಯದೆ ಬಾಟಲಿ ಮುಟ್ಟುವುದಂತೂ ಸಲ್ಲದು. ಮಲಗಿಸಿ ಕುಡಿಸುವುದರಿಂದ ಹಾಲು ಗಂಟಲಿನಿಂದ ಕಿವಿಯ ನಾಳದ ಕಡೆ ಸರಿದು ಕಿವಿನೋವು, ಕಿವಿಸೋರುವಿಕೆಗೂ ಎಡೆಯಾಗಬಹುದು.

ವಯಸ್ಸು ಮತ್ತು ಲಕ್ಷಣ

ಆರು ತಿಂಗಳಿಗೆ ಲೋಟ ಪರಿಚಯಿಸಿ. ಒಂದು ವರ್ಷಕ್ಕೆ ಬಾಟಲಿ ಕಡಿಮೆ ಮಾಡುತ್ತ ಬನ್ನಿ. ಒಂದೂವರೆ ವರ್ಷದೊಳಗೆ ಪೂರ್ತಿ ನಿಲ್ಲಿಸಿ. ಮಕ್ಕಳ ವೈದ್ಯರು ಸಾಮಾನ್ಯವಾಗಿ ಹೇಳುವ ಲೆಕ್ಕ ಇದು. ಅಡಿಕೆ ಸಸಿಯ ಲೆಕ್ಕವನ್ನೇ ನೆನಪಿಟ್ಟರೂ ಸಾಕು: ಒಂದರಿಂದ ಒಂದೂವರೆ ವರ್ಷ.

ವಯಸ್ಸಿನ ಜೊತೆ ಈ ಲಕ್ಷಣಗಳನ್ನು ಗಮನಿಸಿರಿ.

1. ಮಗು ಆಸರೆಯಿಲ್ಲದೆ ಕುಳಿತುಕೊಳ್ಳುತ್ತದೆ.
2. ದೊಡ್ಡವರ ಲೋಟಕ್ಕೆ ಕೈ ಚಾಚುತ್ತದೆ. ಹಿಡಿಸಿದರೆ ಗುಟುಕು ನುಂಗುತ್ತದೆ.
3. ದಿನಕ್ಕೆ ಮೂರು ಹೊತ್ತು ಗಟ್ಟಿ ಆಹಾರವನ್ನು ಸ್ವಲ್ಪವಾದರೂ ತಿನ್ನುತ್ತದೆ.
4. ಚಮಚದ ಆಹಾರವನ್ನು ನಾಲಿಗೆಯಿಂದ ಹೊರದೂಡದೆ ಒಳಗೆಳೆದುಕೊಳ್ಳುತ್ತದೆ.

ಈ ನಾಲ್ಕೂ ಇದ್ದರೆ ಮಗು ಸಿದ್ಧವಾಗಿದೆ ಎಂದು ತಿಳಿಯಿರಿ. ಒಂದು ವರ್ಷ ಕಳೆದರೂ ಇವು ಕಾಣದಿದ್ದರೆ, ತೂಕ ಏರದಿದ್ದರೆ, ಮಗು ದಿನ ತುಂಬುವ ಮೊದಲೇ ಹುಟ್ಟಿದ್ದರೆ, ಅಥವಾ ಅಂಗುಳ ಸೀಳಿದ್ದರೆ ನೀವೇ ತೀರ್ಮಾನಿಸದೆ ವೈದ್ಯರನ್ನು ಕೇಳಬೇಕು.

ಹೊತ್ತು ನೋಡುವುದು

ಬಿಸಿಲು ಸುಡುವಾಗ ಯಾರೂ ಸಸಿ ಕೀಳುವುದಿಲ್ಲ. ಮಗುವಿಗೆ ಜ್ವರ, ಭೇದಿ ಇರುವಾಗ, ಹೊಸ ಕೂಸು ಹುಟ್ಟಿದ ವಾರದಲ್ಲಿ, ಊರು ಬಿಟ್ಟು ಊರಿಗೆ ಹೋಗುವಾಗ ಬಾಟಲಿ ಬಿಡಿಸಲು ತೊಡಗಬೇಡಿ. ಕೊಯ್ಲು ಭರದಲ್ಲಿರುವಾಗಲೂ ಬೇಡ. ದಣಿದು ಬಂದ ತಾಯಿಗೆ ರಾತ್ರಿಯ ಅಳು ತಡೆಯುವ ತ್ರಾಣ ಇರುವುದಿಲ್ಲ, ಮೂರನೆಯ ದಿನಕ್ಕೆ ಬಾಟಲಿ ಮರಳಿ ಬರುತ್ತದೆ. ಕೊಯ್ಲಿಗೆ ಮುಂಚೆ ಒಂದು ತಿಂಗಳು, ಇಲ್ಲವೇ ಮುಗಿದ ಬೆನ್ನಿಗೆ ಆರಂಭಿಸುವುದು ಮೇಲು. ಆದರೆ ಹೊತ್ತು ನೋಡುವುದೇ ನೆಪವಾಗಿ ಒಂದು ಕೊಯ್ಲಿನಿಂದ ಇನ್ನೊಂದು ಕೊಯ್ಲಿಗೆ ಮುಂದೂಡಬಾರದು.

ಬಿಡಿಸುವ ಕ್ರಮ

ಒಮ್ಮೆಗೇ ಕಸಿದುಕೊಳ್ಳುವ ಮನೆಗಳುಂಟು, ತೊಟ್ಟಿಗೆ ಬೇವಿನ ರಸ ಹಚ್ಚುವವರೂ ಉಂಟು. ಮಗು ಹೆದರಿ ಹಾಲನ್ನೇ ದ್ವೇಷಿಸುವಂತಾದರೆ ಪ್ರಯೋಜನವೇನು? ನಿಧಾನ ಕ್ರಮವೇ ಒಳ್ಳೆಯದು.

ಮೊದಲ ವಾರ ಮಧ್ಯಾಹ್ನದ ಬಾಟಲಿ ನಿಲ್ಲಿಸಿ. ಆ ಹೊತ್ತಿಗೆ ಊಟ ಕೊಟ್ಟು, ಅನಂತರ ಸಣ್ಣ ಲೋಟದಲ್ಲಿ ಎರಡು ಗುಟುಕು ಹಾಲು ಕೊಡಿ. ಎರಡನೆಯ ವಾರ ಸಂಜೆಯದು, ಮೂರನೆಯ ವಾರ ಬೆಳಗಿನದು. ರಾತ್ರಿಯ ಬಾಟಲಿ ಎಲ್ಲಕ್ಕಿಂತ ಕಷ್ಟದ್ದು, ಅದನ್ನು ಕೊನೆಗೆ ಇಟ್ಟುಕೊಳ್ಳಿ. ಎರಡು-ಮೂರು ರಾತ್ರಿಗೊಮ್ಮೆ 30 ಮಿಲಿಲೀಟರಿನಷ್ಟು ಕಡಿಮೆ ಮಾಡುತ್ತ ಬಂದರೆ ಮೂರು ವಾರದೊಳಗೆ ತಳ ಮುಟ್ಟುತ್ತದೆ. ಹಾಲನ್ನು ಮಲಗುವ ಕೋಣೆಯಲ್ಲಿ ಕೊಡದೆ ಅಡಿಗೆಮನೆಯಲ್ಲೇ ಲೋಟದಲ್ಲಿ ಕುಡಿಸಿ, ಹಲ್ಲನ್ನು ಒದ್ದೆ ಬಟ್ಟೆಯಿಂದ ಒರೆಸಿ ಅಥವಾ ಮೆತ್ತನೆಯ ಬ್ರಷ್ಷಿನಿಂದ ಉಜ್ಜಿ, ಅನಂತರ ಮಲಗಿಸಬೇಕು. ರಾತ್ರಿ ಎದ್ದರೆ ಕುದಿಸಿ ಆರಿಸಿದ ನೀರು ಒಂದೆರಡು ಗುಟುಕು ಸಾಕು. ಮಗು ಅರಸುವುದು ಹಾಲಿಗಿಂತ ಹೆಚ್ಚಾಗಿ ಆಸರೆಯನ್ನು. ತಟ್ಟುವ ಕೈ, ಜೋಗುಳ, ತೊಟ್ಟಿಲ ತೂಗು ಆ ಆಸರೆಯನ್ನು ಕೊಡುತ್ತವೆ.

ಲೋಟ ಚೆಲ್ಲುತ್ತದೆಂದು ಬೇಸರಪಡಬೇಡಿ. ಅಗಲ ಬಾಯಿಯ ಸಣ್ಣ ಸ್ಟೀಲ್ ಲೋಟದಲ್ಲಿ ಕಾಲುಭಾಗ ಮಾತ್ರ ಹಾಕಿ. ನಮ್ಮ ಹಿರಿಯರು ಬಳಸುತ್ತಿದ್ದ ಒಳಲೆಯೂ ಉತ್ತಮವಾದುದೇ. ಅದಕ್ಕೆ ಸಂದಿಯಿಲ್ಲ, ತೊಟ್ಟಿಲ್ಲ, ತೊಳೆಯುವುದು ಸುಲಭ. ಮಗುವನ್ನು ಮಲಗಿಸದೆ ನೆಟ್ಟಗೆ ಕೂರಿಸಿಕೊಂಡು, ತುಟಿಗೆ ತಾಕಿಸಿ ನಿಧಾನವಾಗಿ ಕುಡಿಸಬೇಕು, ಸುರಿಯಬಾರದು.

ಬಾಟಲಿಯ ಜಾಗಕ್ಕೆ ಬರುವುದು

ಒಂದು ವರ್ಷ ದಾಟಿದ ಮಗುವಿಗೆ ದಿನಕ್ಕೆ ಹಾಲು ಅರ್ಧ ಲೀಟರ್ ಮೀರುವುದು ಬೇಡ. ಉಳಿದ ಹಸಿವು ಊಟಕ್ಕೆ ಸೇರಬೇಕು. ನಮ್ಮ ಕಡೆ ರಾಗಿ ಮಣ್ಣಿ, ಮೆತ್ತಗೆ ಬೇಯಿಸಿದ ಅನ್ನ-ಬೇಳೆ-ತುಪ್ಪ, ಸೊಪ್ಪು, ಬಾಳೆಹಣ್ಣು, ತಿನ್ನುವ ಮನೆಯಾದರೆ ಮೊಟ್ಟೆ-ಮೀನು ಇವೆಲ್ಲ ಆಗುತ್ತವೆ. ಜಮಖಂಡಿ ಕಡೆಯ ಮನೆಗಳಲ್ಲಿ ಜೋಳದ ನುಚ್ಚು, ಹೆಸರುಬೇಳೆ, ಗೋಧಿ ಸಜ್ಜಕ ಉಂಟು. ಶೇಂಗಾವನ್ನು ಹುರಿದು ನುಣ್ಣಗೆ ಪುಡಿಮಾಡಿಯೇ ಹಾಕಬೇಕು. ಇಡೀ ಬೀಜ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಸೊಪ್ಪು-ಬೇಳೆಗೆ ನಾಲ್ಕು ಹನಿ ಲಿಂಬೆರಸ ಹಿಂಡಿದರೆ ಅದರ ಕಬ್ಬಿಣ ಚೆನ್ನಾಗಿ ಹತ್ತುತ್ತದೆ.

ಕಾಫಿ ಬೆಳೆಗಾರರ ಮನೆಗೆ ಹೇಳಲೇಬೇಕಾದ ಮಾತೊಂದಿದೆ. ಹಾಲು ಬಿಟ್ಟ ಮಗುವಿಗೆ ಲೋಟದಲ್ಲಿ ತಿಳಿ ಕಾಫಿ, ಚಹ ರೂಢಿ ಮಾಡಿಸಬೇಡಿ. ಎರಡೂ ಆಹಾರದ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ, ನಿದ್ರೆಯನ್ನೂ ಕೆಡಿಸುತ್ತವೆ. ನಾವು ಬೆಳೆದದ್ದೇ ಆದರೂ ಮಗುವಿಗೆ ಅದು ಸಲ್ಲದು.

2018ರಲ್ಲಿ ಆರಂಭವಾದ ರಕ್ತಹೀನತೆ ಮುಕ್ತ ಭಾರತ ಕಾರ್ಯಕ್ರಮದಂತೆ ಆರು ತಿಂಗಳಿಂದ ಐದು ವರ್ಷದ ಮಕ್ಕಳಿಗೆ ವಾರಕ್ಕೆ ಎರಡು ಸಲ 1 ಮಿಲಿಲೀಟರ್ ಕಬ್ಬಿಣಾಂಶದ ಸಿರಪ್ ಕೊಡಬೇಕು. ಅದರಲ್ಲಿ 20 ಮಿಲಿಗ್ರಾಮ್ ಕಬ್ಬಿಣವಿರುತ್ತದೆ. ಆಶಾ ಕಾರ್ಯಕರ್ತೆಯನ್ನು ಅಥವಾ ಅಂಗನವಾಡಿಯಲ್ಲಿ ಕೇಳಿರಿ.

ಹೊರಜಗತ್ತು ಕಲಿತ ಪಾಠ

ಬಾಟಲಿಯ ಕೆಡುಕನ್ನು ಜಗತ್ತು ತಡವಾಗಿ ಅರಿಯಿತು. 1939ರಲ್ಲಿ ಸಿಂಗಪುರದಲ್ಲಿ ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆ, ಡಬ್ಬಿ ಹಾಲಿನ ಪ್ರಚಾರದಿಂದ ಕೂಸುಗಳು ಸಾಯುತ್ತಿವೆಯೆಂದು ಬಹಿರಂಗವಾಗಿ ಭಾಷಣ ಮಾಡಿದರು. 42 ವರ್ಷಗಳ ಬಳಿಕ, 1981ರ ಮೇ ತಿಂಗಳಲ್ಲಿ, ವಿಶ್ವ ಆರೋಗ್ಯ ಸಭೆ ಇಂಥ ಮಾರಾಟಕ್ಕೆ ಕಟ್ಟಳೆ ಹಾಕಿತು. ಪರವಾಗಿ 118 ಮತ ಬಂದವು, ವಿರುದ್ಧ ಬಂದದ್ದು ಅಮೆರಿಕದ ಒಂದೇ ಮತ. ನಮ್ಮ ದೇಶ 1992ರಲ್ಲಿ ಕಾಯಿದೆಯನ್ನೇ ಮಾಡಿತು, 2003ರಲ್ಲಿ ಅದನ್ನು ಬಿಗಿಗೊಳಿಸಿತು. ಅದರಂತೆ ಹಾಲೂಡಿಸುವ ಬಾಟಲಿಗೂ ಶಿಶುಗಳ ಡಬ್ಬಿ ಹಾಲಿಗೂ ಜಾಹೀರಾತು ನೀಡುವುದು, ಮಾರಾಟ ಹೆಚ್ಚಿಸಲು ಮಾದರಿಗಳನ್ನು ಪುಕ್ಕಟೆಯಾಗಿ ಹಂಚುವುದು ನಿಷಿದ್ಧ. ಜಾಹೀರಾತು ಕೂಡ ಕೊಡಬಾರದೆಂದು ಸರ್ಕಾರ ಕಾಯಿದೆ ಮಾಡಿದ ವಸ್ತುವನ್ನು ಮೂರು ವರ್ಷದ ಮಗುವಿನ ಹಾಸಿಗೆಯಲ್ಲಿ ಇಡುವುದು ಸರಿಯೇ ಎಂದು ಯೋಚಿಸಿರಿ.

ಮನೆಯವರೆಲ್ಲರ ಒಮ್ಮತ

ಈ ಕೆಲಸ ಕೆಡುವುದು ಮಗುವಿನಿಂದಲ್ಲ, ದೊಡ್ಡವರ ಭಿನ್ನಾಭಿಪ್ರಾಯದಿಂದ. ಸೊಸೆ ಗಟ್ಟಿ ಮನಸ್ಸು ಮಾಡಿ ಬಾಟಲಿ ಎತ್ತಿಟ್ಟಿರುತ್ತಾಳೆ. "ಪಾಪ, ಎಷ್ಟು ಅಳ್ತದೆ, ಇವತ್ತೊಂದಿನ ಕೊಡು ತಾಯಿ" ಎಂದು ಅತ್ತೆ ಕರಗುತ್ತಾರೆ. ಅವರ ಕರುಳಿನ ಮಾತನ್ನು ತಳ್ಳಿಹಾಕದೆ, ಮೊದಲೇ ಕೂತು ಮಾತಾಡಿ, ಲೋಟ ಹಿಡಿಸುವ ಕೆಲಸವನ್ನು ಅವರಿಗೇ ವಹಿಸುವುದು ಜಾಣತನ. ರಾತ್ರಿ ಮಗುವನ್ನು ಎತ್ತಿ ತಿರುಗಾಡಿಸುವ ಸರದಿಯಲ್ಲಿ ಗಂಡಸರೂ ಪಾಲು ತೆಗೆದುಕೊಳ್ಳಬೇಕು. ನಮ್ಮ ತೋಟಗಳಲ್ಲಿ ದುಡಿಯಲು ಬರುವ ತಾಯಂದಿರಿಗೆ ಮಗುವಿಗೆ ಉಣ್ಣಿಸಲು ನಡುವೆ ಅರ್ಧ ಗಂಟೆ ಬಿಡುವು, ಕೈ ತೊಳೆಯಲು ನೀರು-ಸಾಬೂನು, ಕುದಿಸಿದ ನೀರು ಒದಗಿಸುವುದು ಸದಸ್ಯರಾದ ನಮ್ಮ ಹೊಣೆ. ಇದಕ್ಕೆ ಕಾಯಿದೆಯ ಬಲವಂತ ಬೇಕಾಗಿಲ್ಲ.

ಪಾಠದ ಸಾರ

ಆರು ತಿಂಗಳಿಗೆ ಲೋಟ, ಒಂದೂವರೆ ವರ್ಷದೊಳಗೆ ಬಾಟಲಿಗೆ ವಿದಾಯ. ಹಗಲಿನದು ಮೊದಲು, ರಾತ್ರಿಯದು ಕೊನೆಗೆ. ಹಾಲು ಅರ್ಧ ಲೀಟರ್ ಒಳಗೆ, ಉಳಿದದ್ದು ಊಟ. ಕಾಫಿ-ಚಹ ಬೇಡ.

ಮನೆಯಲ್ಲಿ ಚರ್ಚಿಸಬೇಕಾದ ಪ್ರಶ್ನೆಗಳು

1. ನಮ್ಮ ಮಗು ದಿನಕ್ಕೆ ಎಷ್ಟು ಬಾಟಲಿ ಹಾಲು ಕುಡಿಯುತ್ತದೆ? ಮಿಲಿಲೀಟರಿನಲ್ಲಿ ಲೆಕ್ಕ ಹಾಕಿರಿ.
2. ಮೇಲಿನ ಮುಂಭಾಗದ ಹಲ್ಲುಗಳ ಬುಡದಲ್ಲಿ ಬಿಳಿ ಅಥವಾ ಕಂದು ಕಲೆ ಇದೆಯೇ?
3. ಬಿಡಿಸಲು ತೊಡಗುವ ದಿನ ಯಾವುದು? ಕ್ಯಾಲೆಂಡರಿನಲ್ಲಿ ಗುರುತು ಹಾಕಿರಿ.
4. ರಾತ್ರಿ ಅತ್ತಾಗ ಯಾರು ಎತ್ತಿಕೊಳ್ಳುತ್ತೇವೆ?

ನಾಲ್ಕನೆಯ ಪ್ರಶ್ನೆಗೆ ಉತ್ತರ ದೊರೆತ ಮನೆಯಲ್ಲಿ ಉಳಿದ ಕೆಲಸ ಅರ್ಧ ಮುಗಿದಂತೆಯೇ.