ಮನೆಯ ಕೋಣೆಯಲ್ಲಿ ಶಬ್ದದ ಅಳತೆ

ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ವೇಗದಿಂದ ಚಲಿಸುತ್ತದೆಂದು ನಾವೆಲ್ಲರೂ ಭೌತಶಾಸ್ತ್ರದ ಪಾಠದಲ್ಲಿ ಓದುತ್ತೇವೆ. ಪರೀಕ್ಷೆ ಮುಗಿದ ಮೇಲೆ ಈ ಸಂಖ್ಯೆಯಿಂದೇನು ಪ್ರಯೋಜನವೆಂದು ಕೇಳುವವರುಂಟು. ಇಂದು ಎಷ್ಟೋ ಮನೆಗಳಲ್ಲಿರುವ ಹೋಂ ಥಿಯೇಟರನ್ನು ಕೋಣೆಗೆ ಸರಿಹೊಂದಿಸುವ ಕೆಲಸವೇ ಇದಕ್ಕೆ ಉತ್ತರ ಕೊಡುತ್ತದೆ. ಚಿತ್ರದ ಮಾತು ತಿಳಿಯುವುದಿಲ್ಲವೆಂದು ಹಿರಿಯರು ಹೇಳುತ್ತಾರೆ. ಅವರಿಗಾಗಿ ಶಬ್ದವನ್ನು ಏರಿಸಿದರೆ ಹೊಡೆದಾಟದ ದೃಶ್ಯ ಬಂದಾಗ ಮಕ್ಕಳು ಕಿವಿ ಮುಚ್ಚಿಕೊಳ್ಳುತ್ತಾರೆ. ಯಂತ್ರ ಕೆಟ್ಟಿದೆಯೆಂದು ತಿಳಿದು ಹೊಸ ಸ್ಪೀಕರುಗಳಿಗೆ ಹಣ ಖರ್ಚು ಮಾಡುವುದೂ ಉಂಟು. ಅನೇಕ ವೇಳೆ ದೋಷವಿರುವುದು ಯಂತ್ರದಲ್ಲಲ್ಲ, ಅದನ್ನು ಜೋಡಿಸಿದ ರೀತಿಯಲ್ಲಿ ಮತ್ತು ಕೋಣೆಯಲ್ಲಿ. ಅದನ್ನು ಕಂಡುಹಿಡಿಯುವ ಬಗೆಯನ್ನು ಇಲ್ಲಿ ನೋಡೋಣ.

ಸಾಧನದ ರಚನೆ

ಸಾಮಾನ್ಯವಾದ 5.1 ಸಾಧನದಲ್ಲಿ ಐದು ಸ್ಪೀಕರುಗಳೂ ಒಂದು ಸಬ್ ವೂಫರೂ ಇರುತ್ತವೆ. ಎದುರಿಗೆ ಎಡ, ನಡು, ಬಲ ಎಂದು ಮೂರು. ಕುಳಿತವರ ಪಕ್ಕದಲ್ಲಿ ಅಥವಾ ತುಸು ಹಿಂದೆ ಎರಡು. ಪಾತ್ರಗಳ ಮಾತು ಹೆಚ್ಚಾಗಿ ನಡುವಿನ ಸ್ಪೀಕರಿನಿಂದ ಬರುತ್ತದೆ. ಗುಡುಗಿನಂತಹ ತಗ್ಗು ಸ್ವರಗಳನ್ನು ಸಬ್ ವೂಫರು ನುಡಿಸುತ್ತದೆ. ಇವೆಲ್ಲಕ್ಕೂ ಶಬ್ದವನ್ನು ಹಂಚುವ ಯಂತ್ರಕ್ಕೆ ರಿಸೀವರ್ ಎಂದು ಹೆಸರು. ಅನೇಕ ರಿಸೀವರುಗಳ ಜೊತೆಯಲ್ಲಿಯೇ ಅಳತೆಗೆಂದು ಒಂದು ಚಿಕ್ಕ ಮೈಕ್ರೋಫೋನು ಬರುತ್ತದೆ. ಬಹಳ ಮಂದಿ ಇದನ್ನು ಪೆಟ್ಟಿಗೆಯಿಂದ ಹೊರಗೆ ತೆಗೆಯುವುದೇ ಇಲ್ಲ.

ಮೈಕ್ರೋಫೋನು ಇಡುವ ಕ್ರಮ

ಮೊದಲು ಫ್ಯಾನು, ಮಿಕ್ಸಿ, ಟಿ.ವಿ.ಗಳನ್ನು ನಿಲ್ಲಿಸಿ ಕೋಣೆಯನ್ನು ನಿಶ್ಶಬ್ದಗೊಳಿಸಬೇಕು. ಮೈಕ್ರೋಫೋನನ್ನು ಕೈಯಲ್ಲಿ ಹಿಡಿಯಬಾರದು, ಸೋಫಾದ ಬೆನ್ನಿಗೆ ಅಂಟಿಸಿಯೂ ಇಡಬಾರದು. ಕುಳಿತವರ ಕಿವಿಯ ಎತ್ತರಕ್ಕೆ ಬರುವಂತೆ ಮೂರು ಕಾಲಿನ ಕ್ಯಾಮರಾ ಸ್ಟ್ಯಾಂಡಿನ ಮೇಲೆ ನಿಲ್ಲಿಸುವುದು ಉತ್ತಮ. ಮೊದಲ ಅಳತೆಯನ್ನು ಮುಖ್ಯ ಆಸನದಲ್ಲಿ ತೆಗೆಯಬೇಕು. ಯಂತ್ರವು ಹೆಚ್ಚಿನ ಅಳತೆಗಳನ್ನು ಕೇಳಿದರೆ ಅದರ ಅಕ್ಕಪಕ್ಕದ ಸ್ಥಾನಗಳಲ್ಲಿ ತೆಗೆಯಬೇಕು. ಅಳತೆ ನಡೆಯುವಾಗ ಸ್ಪೀಕರಿಗೂ ಮೈಕ್ರೋಫೋನಿಗೂ ನಡುವೆ ಯಾರೂ ನಿಲ್ಲಬಾರದು.

ಯಂತ್ರವು ಅಳೆಯುವುದೇನು?

ರಿಸೀವರು ಒಂದೊಂದೇ ಸ್ಪೀಕರಿನಿಂದ ಪರೀಕ್ಷಾ ಶಬ್ದವನ್ನು ಹೊರಡಿಸಿ, ಅದು ಮೈಕ್ರೋಫೋನನ್ನು ಮುಟ್ಟಿದ ರೀತಿಯಿಂದ ನಾಲ್ಕು ಸಂಗತಿಗಳನ್ನು ತಿಳಿಯುತ್ತದೆ.

1. ತಂತಿಯ ಜೋಡಣೆ: ಕೆಂಪು ಮತ್ತು ಕಪ್ಪು ತಂತಿಗಳು ಅದಲುಬದಲಾಗಿದ್ದರೆ ಒಂದು ಸ್ಪೀಕರು ಗಾಳಿಯನ್ನು ಮುಂದಕ್ಕೆ ತಳ್ಳುವಾಗ ಇನ್ನೊಂದು ಹಿಂದಕ್ಕೆ ಎಳೆಯುತ್ತದೆ. ಆಗ ತಗ್ಗು ಸ್ವರಗಳು ಒಂದನ್ನೊಂದು ಅಳಿಸುತ್ತವೆ.

2. ದೂರ: ಎದುರಿನ ಸ್ಪೀಕರು 3 ಮೀಟರ್, ಹಿಂದಿನದು 1.3 ಮೀಟರ್ ದೂರದಲ್ಲಿದೆಯೆನ್ನೋಣ. ವ್ಯತ್ಯಾಸ 1.7 ಮೀಟರ್. ಇದನ್ನು 343ರಿಂದ ಭಾಗಿಸಿದರೆ ಸುಮಾರು 0.005 ಸೆಕೆಂಡು, ಅಂದರೆ 5 ಮಿಲಿ ಸೆಕೆಂಡು ಬರುತ್ತದೆ. ಒಂದೇ ಶಬ್ದವು ಎರಡು ಕಡೆಗಳಿಂದ ಇಷ್ಟು ಅಲ್ಪ ಅಂತರದಲ್ಲಿ ಬಂದರೆ, ಮೊದಲು ಬಂದ ಕಡೆಯಿಂದಲೇ ಅದು ಹೊರಟಿತೆಂದು ಕಿವಿ ತಿಳಿಯುತ್ತದೆ. ಹೆಲ್ಮುಟ್ ಹಾಸ್ ಎಂಬ ಜರ್ಮನ್ ವಿಜ್ಞಾನಿ 1949ರಲ್ಲಿ ಕಿವಿಯ ಈ ಗುಣದ ಬಗ್ಗೆ ಪ್ರಬಂಧವನ್ನು ಬರೆದರು. ಆದುದರಿಂದ ರಿಸೀವರು ಹತ್ತಿರದ ಸ್ಪೀಕರನ್ನು 5 ಮಿಲಿ ಸೆಕೆಂಡು ತಡಮಾಡಿ ನುಡಿಸುತ್ತದೆ. ಸಬ್ ವೂಫರಿನ ದೂರವನ್ನು ಮಾತ್ರ ಯಂತ್ರವು ಟೇಪಿನ ಅಳತೆಗಿಂತ ಹೆಚ್ಚಾಗಿ ತೋರಿಸಬಹುದು. ಅದರ ಒಳಗಿನ ವಿದ್ಯುನ್ಮಂಡಲದಿಂದಾಗುವ ತಡವೂ ಅಲ್ಲಿ ಸೇರಿರುತ್ತದೆಯಾದ್ದರಿಂದ ಆ ಅಂಕೆಯನ್ನು ತಿದ್ದಬಾರದು.

3. ಮಟ್ಟ: ಬಯಲಿನಲ್ಲಿ ದೂರ ಎರಡು ಪಟ್ಟಾದರೆ ಶಬ್ದದ ಮಟ್ಟ 6 ಡೆಸಿಬೆಲ್ ಇಳಿಯುತ್ತದೆ. ಕೋಣೆಯಲ್ಲಿ ಇಳಿತ ಇದಕ್ಕಿಂತ ಕಡಿಮೆ. ಎಲ್ಲಾ ಸ್ಪೀಕರುಗಳೂ ಆಸನದಲ್ಲಿ ಒಂದೇ ಮಟ್ಟದಲ್ಲಿ ಕೇಳುವಂತೆ ಯಂತ್ರವು ಸರಿಪಡಿಸುತ್ತದೆ.

4. ಸ್ವರಗಳ ಸಮತೋಲ: ಯಾವ ಆವೃತ್ತಿಯ ಶಬ್ದವು ಹೆಚ್ಚಾಗಿದೆ, ಯಾವುದು ಕುಗ್ಗಿದೆ ಎಂದು ನೋಡಿ ಸಾಧ್ಯವಾದಷ್ಟು ಸಮಗೊಳಿಸುತ್ತದೆ.

ಯಂತ್ರಕ್ಕೆ ಸಾಧ್ಯವಾಗದ್ದು

4 ಮೀಟರ್ ಉದ್ದದ ಕೋಣೆಯನ್ನು ತೆಗೆದುಕೊಳ್ಳೋಣ. ತರಂಗದ ಅರ್ಧ ಉದ್ದ 4 ಮೀಟರ್ ಆದಾಗ, ಎಂದರೆ ಸುಮಾರು 43 ಹರ್ಟ್ಸ್‌ನಲ್ಲಿ, ಎರಡು ಗೋಡೆಗಳ ನಡುವೆ ಸ್ಥಿರ ತರಂಗವೇಳುತ್ತದೆ. ಗೋಡೆಯ ಬಳಿ ಆ ಸ್ವರವು ಗುಂಯ್ ಎನ್ನುತ್ತದೆ. ಕೋಣೆಯ ಮಧ್ಯದಲ್ಲಿ ಹೆಚ್ಚುಕಡಮೆ ಇಲ್ಲವಾಗುತ್ತದೆ. ಹೆಚ್ಚಿದ ಸ್ವರವನ್ನು ಯಂತ್ರವು ತಗ್ಗಿಸಬಲ್ಲದು. ಇಲ್ಲವಾದ ಸ್ವರವನ್ನು ತುಂಬಲಾರದು. ಏಕೆಂದರೆ ಶಬ್ದವನ್ನು ಹೆಚ್ಚಿಸಿದಷ್ಟೂ ಅದನ್ನು ಅಳಿಸುವ ಮರುತರಂಗವೂ ಹೆಚ್ಚುತ್ತದೆ. ಕುರ್ಚಿಯನ್ನೋ ಸಬ್ ವೂಫರನ್ನೋ ಸ್ವಲ್ಪ ಸರಿಸುವುದೇ ಇದಕ್ಕೆ ಪರಿಹಾರ.

ಟೈಲ್ಸ್ ನೆಲ ಮತ್ತು ಬೋಳು ಗೋಡೆಗಳಲ್ಲಿ ಶಬ್ದವು ಬಹಳ ಹೊತ್ತು ಸುಳಿಯುತ್ತದೆ. ಇದನ್ನು ಅನುರಣನವೆನ್ನುತ್ತಾರೆ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಒಂದು ಉಪನ್ಯಾಸ ಮಂದಿರದಲ್ಲಿ ಮಾತು ಅರ್ಥವಾಗದಿದ್ದಾಗ ವ್ಯಾಲೇಸ್ ಸಬೈನ್ ಎಂಬ ಅಧ್ಯಾಪಕರಿಗೆ 1895ರಲ್ಲಿ ಪರಿಹಾರ ಹುಡುಕುವ ಕೆಲಸ ಬಂತು. ಅಲ್ಲಿ ಶಬ್ದವು ಅಡಗಲು ಸುಮಾರು ಐದೂವರೆ ಸೆಕೆಂಡು ಬೇಕಾಗುತ್ತಿತ್ತು. ಅವರು ಬೇರೆ ನಾಟ್ಯಶಾಲೆಯ ಆಸನದ ಮೆತ್ತೆಗಳನ್ನು ರಾತ್ರಿಯ ವೇಳೆ ತಂದು ಹರಡಿ ಅಳೆದು ನೋಡಿದರು. ಶಬ್ದವನ್ನು ಹೀರುವ ಶಕ್ತಿ ಎರಡು ಪಟ್ಟಾದರೆ ಅನುರಣನದ ಕಾಲ ಅರ್ಧವಾಗುತ್ತದೆಂಬ ನಿಯಮ ಆ ಮೆತ್ತೆಗಳಿಂದ ದೊರಕಿತು. ನಮ್ಮ ಕೋಣೆಗೂ ಇದೇ ನಿಯಮ. ದಪ್ಪ ಪರದೆ, ಜಮಖಾನ, ಪುಸ್ತಕ ತುಂಬಿದ ಕಪಾಟು ಇವು ಮಾಡುವ ಉಪಕಾರವನ್ನು ಯಾವ ಮೈಕ್ರೋಫೋನೂ ಮಾಡಲಾರದು. ಒಮ್ಮೆ ಕೈ ಚಪ್ಪಾಳೆ ತಟ್ಟಿ ಕೇಳಿದರೆ ಕೋಣೆಯ ಗುಣ ತಿಳಿಯುತ್ತದೆ.

ಮೈಕ್ರೋಫೋನು ಇಲ್ಲದಿದ್ದರೆ

ಅನೇಕ ರಿಸೀವರುಗಳಲ್ಲಿ ದೂರ ಮತ್ತು ಮಟ್ಟಗಳನ್ನು ನಾವೇ ತುಂಬಬಹುದು. ಟೇಪಿನಿಂದ ಆಸನದಿಂದ ಪ್ರತಿ ಸ್ಪೀಕರಿಗೂ ಇರುವ ದೂರವನ್ನು ಅಳೆದು ಬರೆಯಬೇಕು. ಬಳಿಕ ಯಂತ್ರದ ಪರೀಕ್ಷಾ ಶಬ್ದವನ್ನು ಹಾಕಿ, ಮೊಬೈಲಿನ ಶಬ್ದಮಾಪಕವನ್ನು ಆಸನದಲ್ಲಿಟ್ಟು, ಎಲ್ಲಾ ಸ್ಪೀಕರುಗಳೂ ಒಂದೇ ಅಂಕೆ ತೋರುವಂತೆ ಮಾಡಬೇಕು. ಮೊಬೈಲಿನ ಅಂಕೆ ತುಸು ತಪ್ಪಿದ್ದರೂ ಸ್ಪೀಕರುಗಳನ್ನು ಪರಸ್ಪರ ಹೋಲಿಸಲು ಸಾಕು.

ಮಾತು ಮತ್ತು ಕಿವಿ

ಸ್ವರಾಕ್ಷರಗಳಲ್ಲಿ ಬಲ ಹೆಚ್ಚು. ‘ಸ’, ‘ತ’, ‘ಕ’ಗಳಂತಹ ವ್ಯಂಜನಗಳು ಬಲಹೀನ, ಅವುಗಳ ಆವೃತ್ತಿ ಹೆಚ್ಚು. ಮುಪ್ಪಿನಲ್ಲಿ ಕಿವಿ ಮೊದಲು ಕಳೆದುಕೊಳ್ಳುವುದು ಈ ಹೆಚ್ಚಿನ ಆವೃತ್ತಿಗಳನ್ನೇ. ಆದುದರಿಂದ ಹಿರಿಯರಿಗೆ ಸದ್ದು ಕೇಳಿದರೂ ಪದ ತಿಳಿಯುವುದಿಲ್ಲ. ಒಟ್ಟು ಶಬ್ದವನ್ನು ಏರಿಸುವ ಬದಲು, ಅಳತೆ ಮುಗಿದ ಮೇಲೆ ನಡುವಿನ ಸ್ಪೀಕರನ್ನು ಮಾತ್ರ 2-3 ಡೆಸಿಬೆಲ್ ಏರಿಸಿದರೆ ಮಾತು ಸ್ಪಷ್ಟವಾಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆಯಂತೆ ವಯಸ್ಕರಿಗೆ 80 ಡೆಸಿಬೆಲ್, ಮಕ್ಕಳಿಗೆ 75 ಡೆಸಿಬೆಲ್ ಶಬ್ದವು ವಾರಕ್ಕೆ 40 ಗಂಟೆಯ ಮಿತಿಯದು. ಪ್ರತಿ 3 ಡೆಸಿಬೆಲ್ ಏರಿದಾಗಲೂ ಶಬ್ದಶಕ್ತಿ ಎರಡು ಪಟ್ಟಾಗಿ ಈ ಅವಧಿ ಅರ್ಧವಾಗುತ್ತದೆ. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ನಾಶವಾದರೆ ಮತ್ತೆ ಹುಟ್ಟುವುದಿಲ್ಲ. ಹಾಳಾದ ಸ್ಪೀಕರನ್ನು ಅಂಗಡಿಯಿಂದ ತರಬಹುದು, ಕಿವಿಯನ್ನು ತರಲಾಗದು.

ಈ ರಜೆಯಲ್ಲಿ ವಿದ್ಯಾರ್ಥಿಗಳು ಒಂದು ಟೇಪನ್ನು ಹಿಡಿದು ತಮ್ಮ ಮನೆಯ ಕೋಣೆಯನ್ನು ಅಳೆದು ಲೆಕ್ಕ ಹಾಕಲಿ. ಹೆತ್ತವರು ಹೊಸದನ್ನು ಕೊಳ್ಳುವ ಮೊದಲು ಆ ಲೆಕ್ಕವನ್ನೊಮ್ಮೆ ನೋಡಲಿ.