ಜಾತ್ರೆ ಬಯಲಿನಲ್ಲಿ ಕ್ಯಾರವಾನ್ ನಿಲ್ಲಿಸಬಹುದೇ?

ಎಲೆಕ್ಟ್ರಾನಿಕ್ ಸಿಟಿಗೆ ಕೆಲಸದ ಮೇಲೆ ಬರುವ ದಂಪತಿಯ ಪ್ರಶ್ನೆ ಇದು: ಹೋಟೆಲ್ ಬದಲು ಹತ್ತಿರದ ಹುಸ್ಕೂರಿನ ಮದ್ದೂರಮ್ಮ ಜಾತ್ರೆ ಬಯಲಿನಲ್ಲಿ ಕ್ಯಾರವಾನ್ ನಿಲ್ಲಿಸಿ ತಂಗಬಹುದೇ?

ಜಾತ್ರೆಯ ಹೊತ್ತಿನಲ್ಲಂತೂ ಖಂಡಿತ ಬೇಡ. ಸುತ್ತಲಿನ ಹಳ್ಳಿಗಳವರು ನೂರು ಅಡಿ ಮೀರಿದ ತೇರುಗಳನ್ನು ಎತ್ತು, ಟ್ರ್ಯಾಕ್ಟರ್ ಕಟ್ಟಿ ಎಳೆದು ತರುತ್ತಾರೆ. 2025ರ ಮಾರ್ಚ್‌ನಲ್ಲಿ ಗಾಳಿಮಳೆಗೆ ತೇರು ಉರುಳಿ ಜೀವಹಾನಿಯೇ ಆಯಿತು.

ಉಳಿದ ದಿನಗಳಲ್ಲಿ? ಬಯಲು ಖಾಲಿ ಕಂಡರೂ ದೇವಸ್ಥಾನದವರ, ಸ್ಥಳೀಯ ಆಡಳಿತದ ಒಪ್ಪಿಗೆ ಬರಹದಲ್ಲೇ ಇರಲಿ. ನಲ್ಲಿ, ಕರೆಂಟು ಯಾವುದನ್ನೂ ನಂಬಿಕೊಂಡು ಹೋಗಬಾರದು. ಅಂಗಡಿಯವರನ್ನು ಕೇಳಿ ವೈರ್ ಎಳೆದುಕೊಂಡರೂ 15 ಆಂಪಿಯರ್ ಪ್ಲಗ್ಗಿಗೆ, 230 ವೋಲ್ಟ್ ಲೆಕ್ಕದಲ್ಲಿ, 3,450 ವ್ಯಾಟ್ ಮಿತಿ. ಎ.ಸಿ., ಇಂಡಕ್ಷನ್ ಒಲೆ ಒಟ್ಟಿಗೆ ಹಾಕಿದರೆ ತೆಳು ವೈರ್ ಕಾದು ಕರಗೀತು. ಜನರೇಟರ್ ಇಟ್ಟುಕೊಂಡವರು ಅದರ ಹೊಗೆ ಕಿಟಕಿಯತ್ತ ಬರದಂತೆ ದೂರವಿಡಬೇಕು. ಆ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ.

ಶೌಚದ ಟ್ಯಾಂಕನ್ನು ರಾಜಕಾಲುವೆಗೆ ಬಿಡುವುದು ಮಾತ್ರ ಕ್ಷಮಿಸಲಾಗದ ತಪ್ಪು. ಆ ನೀರು ಸೇರುವುದು ಕೆರೆಗೆ. ಟ್ಯಾಂಕ್ ಖಾಲಿ ಮಾಡಲು ಸಕ್ಕಿಂಗ್ ಲಾರಿಯನ್ನೇ ಕರೆಸಬೇಕು.

ಇದಕ್ಕಿಂತ ಒಳ್ಳೆಯ ದಾರಿಯೊಂದಿದೆ. 2025ರ ಆಗಸ್ಟ್‌ನಿಂದ ಮೆಟ್ರೊ ಹಳದಿ ಮಾರ್ಗ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ ಓಡುತ್ತಿದೆ. ಆನೇಕಲ್ ಕಡೆ ಬೋರ್‌ವೆಲ್, ಶೌಚಾಲಯ ಇರುವ ತೋಟದ ಅಂಗಳ ಬಾಡಿಗೆಗೆ ಸಿಕ್ಕರೆ ಗಾಡಿಯನ್ನು ಅಲ್ಲೇ ಬಿಟ್ಟು, ಬೊಮ್ಮಸಂದ್ರದಲ್ಲಿ ಮೆಟ್ರೊ ಹತ್ತಿ ಎಲೆಕ್ಟ್ರಾನಿಕ್ ಸಿಟಿ ತಲುಪಬಹುದು.